ಗೊರಕೆಗೆ ಝಡ್ ಯಾಕೆ? ನಮ್ಮ ‘ಗೊರ್’ ಏನು ಕಡಿಮೆ?

(ದೃಶ್ಯ: ತೀರ್ಥಹಳ್ಳಿ ಕಡೆಯ ಹೆಂಚಿನ ಮನೆ, ಜಗಲಿ, ರಾತ್ರಿ)

ನಮಸ್ಕಾರ. ಒಳಗಿಂದ ಸದ್ದು ಕೇಳಿಸ್ತಿದೆ ಅಲ್ವಾ? ನಮ್ಮಜ್ಜ ಮಲಗಿದ್ದಾರೆ. ಇದನ್ನೇ ಕಾಮಿಕ್ಸ್‌ನಲ್ಲಿ ಬರೆದರೆ ಅಜ್ಜನ ತಲೆ ಮೇಲೆ ಮೂರು ಝಡ್ ಹಾರುತ್ತವೆ. ವಾಟ್ಸಾಪ್‌ನಲ್ಲೂ ಅಷ್ಟೇ. ಆದರೆ ಈ ಸದ್ದಿನಲ್ಲಿ ಝಡ್ ಎಲ್ಲಿದೆ?

ಆ ಝಡ್ ಹೆಸರಾಗಿದ್ದು 20ನೇ ಶತಮಾನದ ಶುರುವಿನ ಅಮೆರಿಕದ ಪತ್ರಿಕೆಗಳ ಕಾಮಿಕ್ಸ್‌ನಲ್ಲಿ. ಕಣ್ಣು ಮುಚ್ಚಿದವನ ಚಿತ್ರ ಬರೆದರೆ ಅವನು ನಿದ್ದೆ ಮಾಡ್ತಿದ್ದಾನೋ, ಸುಮ್ನೆ ಯೋಚಿಸ್ತಿದ್ದಾನೋ, ನೋಡುವವರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಸದ್ದನ್ನೇ ಅಕ್ಷರ ಮಾಡಿ ಪಕ್ಕದಲ್ಲಿ ಬರೆದರು. ಕೆಲವರು ಮರದ ದಿಮ್ಮಿ ಕೊಯ್ಯುವ ಗರಗಸವನ್ನೂ ಬರೆದರು, ಇಂಗ್ಲಿಷಿನಲ್ಲಿ ಗೊರಕೆ ಹೊಡೆಯುವವರಿಗೆ ‘ದಿಮ್ಮಿ ಕೊಯ್ಯುತ್ತಿದ್ದಾರೆ’ ಅನ್ನುವುದುಂಟು. 2010ರಲ್ಲಿ ಆ ಝಡ್ ಕಂಪ್ಯೂಟರು, ಮೊಬೈಲುಗಳ ಅಕ್ಷರಪಟ್ಟಿಯಾದ ಯೂನಿಕೋಡ್‌ಗೂ ಸೇರಿತು, ಎಮೋಜಿಯಾಗಿ ನಮ್ಮ ಮೊಬೈಲಿಗೂ ಬಂತು.

ಎಲ್ಲರೂ ಹಾಗೇ ಬರೆಯುವುದಿಲ್ಲ. ಜಪಾನಿನವರ ಗೊರಕೆ ‘ಗೂ ಗೂ’.

ಈಗ ಅಜ್ಜನ ಗಂಟಲಿಗೆ ಬರೋಣ. ನಿದ್ದೆ ಹತ್ತಿದಾಗ ಬಾಯೊಳಗಿನ ಸ್ನಾಯು ಸಡಿಲವಾಗುತ್ತದೆ. ಅಂಗಾತ ಮಲಗಿದರೆ ನಾಲಿಗೆ ಹಿಂದಕ್ಕೆ ಜಾರುತ್ತದೆ, ದಾರಿ ಕಿರಿದಾಗುತ್ತದೆ, ಉಸಿರು ನುಗ್ಗುವ ರಭಸಕ್ಕೆ ಕಿರುನಾಲಿಗೆಯೂ ಅಂಗುಳಿನ ಹಿಂದಿನ ಮೆತ್ತನೆ ಭಾಗವೂ ಪಟಪಟ ಅದುರುತ್ತವೆ. ಝಡ್ ಹುಟ್ಟುವುದು ಅಲ್ಲಲ್ಲ, ಬಾಯಿಯ ಮುಂದೆ, ಹಲ್ಲಿನ ಹಿಂದೆ. ನೀವೇ ಹೇಳಿ ನೋಡಿ.

ಈಗ ‘ಗ’ ಅನ್ನಿ. ನಾಲಿಗೆಯ ಹಿಂಭಾಗ ಎದ್ದು ಅದೇ ಮೆತ್ತನೆ ಅಂಗುಳಿಗೆ ತಾಗಿತಲ್ಲ? ಅದರ ಹಿಂದೆಯೇ ‘ರ್’ ಎಳೆಯಿರಿ, ಅದುರುವ ಅಕ್ಷರ ಅದು. ಗೊರ್... ಗೊರಕೆ! ಎಲ್ಲಿ ಅದುರುತ್ತದೆ, ಹೇಗೆ ಅದುರುತ್ತದೆ, ಎರಡೂ ನಮ್ಮ ಪದದಲ್ಲೇ ಇದೆ. ನನಗಂತೂ ಇದು ಹೊಳೆದ ದಿನ ಬಹಳ ಖುಷಿಯಾಯಿತು. ಶಾಲೆಯಲ್ಲಿ ಅನುಕರಣಾವ್ಯಯ ಅಂತ ಓದಿದ್ದೆವಲ್ಲ, ದಬದಬ, ಚಟಚಟ, ಗುಳುಗುಳು? ಕಿವಿಗೆ ಬಿದ್ದಿದ್ದನ್ನು ಹಾಗೇ ಮಾತಿಗೆ ಇಳಿಸುವುದು ಕನ್ನಡಕ್ಕೆ ಹೊಸದಲ್ಲ.

ಇನ್ನೊಂದು ವಿಷಯ. ಆ ಝಡ್‌ನಂತೆ ಎಳೆದೆಳೆದು ಕೂಗುವ ಸದ್ದು ನಮ್ಮ ಮಲೆನಾಡಿನಲ್ಲೂ ಇದೆ. ಮಳೆಗಾಲಕ್ಕೆ ಮುಂಚೆ, ಸಂಜೆ ಆಗುಂಬೆ ಕಡೆ ಹೋಗಿ ನಿಂತರೆ ಕಾಡಿಡೀ ‘ಜೀರ್’ ಅನ್ನುತ್ತದೆ. ಆದರೆ ಅದು ನಿದ್ದೆಯ ಸದ್ದಲ್ಲ, ಜೀರುಂಡೆ! ಅದರ ಹೆಸರಲ್ಲೂ ಅದರದೇ ಕೂಗು ಕೇಳುತ್ತದೆ.

ತಡೀರಿ, ಅಜ್ಜ ಮಗ್ಗುಲು ಬದಲಿಸಿದರು. ಸದ್ದು ನಿಂತಿತು.

(ಮೈಕ್ ಒಳಕೋಣೆಯ ಬಾಗಿಲ ಹತ್ತಿರ. ಹೆಂಚಿನ ಮೇಲೆ ಹನಿ ಬೀಳುವ ಸದ್ದು. ಆಮೇಲೆ ಮೆಲ್ಲಗೆ: ಗೊರ್... ಗೊರ್...)