ತಲೆ ಸ್ಕ್ಯಾನಿಂಗ್ ಬೇಡ, ರಕ್ತ ಪರೀಕ್ಷೆ ಬಿಡಬೇಡಿ

ಎಲ್ಲರಿಗೂ ನಮಸ್ಕಾರ. ಬೈಪೋಲಾರ್ ಅನ್ನೋ ಮನಸ್ಸಿನ ಏರಿಳಿತದ ಕಾಯಿಲೆ, ಅದರ ಬಗ್ಗೆ ನಡೀತಿರೋ ಮೆದುಳಿನ ಸ್ಕ್ಯಾನ್ ಸಂಶೋಧನೆ, ಅದರ ಚಿಕಿತ್ಸೆ, ಇಷ್ಟರ ಬಗ್ಗೆ ಮಾತಾಡಿ ಅಂತ ಹೇಳಿದಾರೆ. ಇರೋದು ಸ್ವಲ್ಪ ಟೈಮು, ನಾನು ಮಾತು ಶುರು ಮಾಡಿದ್ರೆ ನಿಲ್ಸೋನಲ್ಲ, ಅದಕ್ಕೆ ಮುಖ್ಯವಾದ್ದನ್ನ ಮೊದ್ಲೇ ಹೇಳ್ಬಿಡ್ತೀನಿ. ಈ ಕಾಯಿಲೆ ಇದೆಯಾ ಇಲ್ವಾ ಅಂತ ತಿಳ್ಕೊಳೋಕೆ ತಲೆ ಸ್ಕ್ಯಾನಿಂಗ್ ಮಾಡ್ಸಿ ಅಂತ ಡಾಕ್ಟ್ರ ಹಿಂದೆ ಬೀಳ್ಬೇಡಿ. ಇದಕ್ಕೆ ಕೊಡೋ ಲಿಥಿಯಂ ಅನ್ನೋ ಮಾತ್ರೆ ತಗೋತಿದ್ರೆ ರಕ್ತ ಪರೀಕ್ಷೆ ಮಾತ್ರ ತಪ್ಪಿಸ್ಬೇಡಿ.

ಓಪಿಡಿಲಿ ಇದನ್ನ ಹೇಳಿ ಹೇಳಿ ಸಾಕಾಗಿದೆ. ಅಪ್ಪ ಅಮ್ಮ ಮಗನ್ನ ಕರ್ಕೊಂಡು ಬರ್ತಾರೆ, ಕಂಕುಳಲ್ಲಿ ಎಂಆರ್‌ಐದು ಆ ದೊಡ್ಡ ಕವರ್ರು, ಸಾವಿರಾರು ರೂಪಾಯಿ ಸುರಿದು ಬಂದಿರ್ತಾರೆ. "ಸಾರ್, ರಿಪೋರ್ಟ್ ನಾರ್ಮಲ್ ಅಂತ ಬಂದಿದೆ, ಹಂಗಾದ್ರೆ ಇವನಿಗೆ ಏನೂ ಇಲ್ಲ ಅಲ್ವಾ?" ನಾನು ಕವರ್ ಪಕ್ಕಕ್ಕಿಟ್ಟು ಮನೇಲಿ ಹೇಗಿದಾನೆ ಹೇಳಿ ಅಂತೀನಿ. ಆಗ ಅಮ್ಮ ಶುರು ಮಾಡ್ತಾರೆ. ಹದಿನೈದು ದಿನದಿಂದ ರಾತ್ರಿ ಎರಡು ಗಂಟೆ ನಿದ್ದೆ ಮಾಡಿದ್ರೆ ಹೆಚ್ಚು, ಆದ್ರೂ ಸುಸ್ತೇ ಇಲ್ಲ, ಮಾತಿಗೆ ಬ್ರೇಕೇ ಇಲ್ಲ, ಅಡಿಕೆ ದುಡ್ಡು ಅಕೌಂಟಿಗೆ ಬಿದ್ದಿದ್ದೇ ತಡ ಯಾರಿಗೂ ಹೇಳ್ದೆ ಎರಡೆರಡು ಬೈಕ್ ಬುಕ್ ಮಾಡಿ ಬಂದಿದಾನೆ, ಬೇಡ ಅಂದ ಅಪ್ಪನ ಮೇಲೆ ಕೈ ಮಾಡೋಕೆ ಹೋಗಿದಾನೆ. ಹಿಂದಿನ ವರ್ಷ ಇದೇ ಹುಡುಗ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಎದ್ದಿರ್ಲಿಲ್ಲ, ಸ್ನಾನ ಮಾಡೋ ಅಂದ್ರೆ ಗೋಡೆ ಕಡೆ ತಿರುಗಿ ಮಲಗ್ತಿದ್ದ. ನೋಡಿ, ರೋಗ ಗೊತ್ತಾಯ್ತು! ಅಮ್ಮ ಹೇಳಿದ್ದೇ ರಿಪೋರ್ಟು. ಆ ಏರು ಮೇನಿಯಾ, ಆ ಇಳಿತ ಡಿಪ್ರೆಶನ್ನು, ಎರಡೂ ಒಬ್ಬರಲ್ಲೇ ಬಂದು ಹೋಗೋದು ಬೈಪೋಲಾರ್. ನಿಮ್ಹಾನ್ಸ್‌ನವರು 2015-16ರಲ್ಲಿ 12 ರಾಜ್ಯಗಳಲ್ಲಿ ಮಾಡಿದ ಸರ್ವೆ ಪ್ರಕಾರ ದೊಡ್ಡವರಲ್ಲಿ ಸಾವಿರಕ್ಕೆ ಸುಮಾರು ಐದು ಜನಕ್ಕೆ ಜೀವನದಲ್ಲಿ ಯಾವಾಗಲಾದ್ರೂ ಇದು ಬರುತ್ತೆ. ಅಪರೂಪದ ಕಾಯಿಲೆ ಏನಲ್ಲ, ನಿಮ್ಮೂರಲ್ಲೂ ಇರ್ತಾರೆ.

ಫಿಟ್ಸ್ ಬಂದಿದ್ರೆ, ತಲೆಗೆ ಏಟು ಬಿದ್ದಿದ್ರೆ, ಐವತ್ತು ದಾಟಿದ ಮೇಲೆ ಮೊದಲನೇ ಸಲ ಹೀಗಾದ್ರೆ, ನಾವೇ ಸ್ಕ್ಯಾನ್ ಬರೀತೀವಿ. ಗಡ್ಡೆ ಗಿಡ್ಡೆ ಇಲ್ಲ ಅಂತ ಖಾತ್ರಿ ಮಾಡ್ಕೊಳೋಕೆ. ಅಷ್ಟೇ.

ಹಂಗಾದ್ರೆ ದೇಶ ವಿದೇಶದ ವಿಜ್ಞಾನಿಗಳು ಬೈಪೋಲಾರ್ ಇರೋರ ತಲೆ ಯಾಕೆ ಸ್ಕ್ಯಾನ್ ಮಾಡ್ತಾರೆ ಅಂತೀರಾ? ಒಳ್ಳೇ ಪ್ರಶ್ನೆ. ಎನಿಗ್ಮಾ ಅಂತ ಒಂದು ದೊಡ್ಡ ಅಂತಾರಾಷ್ಟ್ರೀಯ ಗುಂಪಿದೆ, ಬೇರೆ ಬೇರೆ ದೇಶದವರು ತಮ್ಮ ಸ್ಕ್ಯಾನ್‌ಗಳನ್ನೆಲ್ಲ ಒಟ್ಟು ಸೇರಿಸಿ ನೋಡ್ತಾರೆ. 2018ರಲ್ಲಿ ಅವರು ಬೈಪೋಲಾರ್ ಇರೋ 2,447 ಜನರ ಮೆದುಳನ್ನ, ಇಲ್ಲದ 4,056 ಜನರ ಮೆದುಳಿನ ಜೊತೆ ಹೋಲಿಸಿದ್ರು. ಮೆದುಳಿನ ಮೇಲಿನ ಪದರ ಇದೆಯಲ್ಲ, ಕಾರ್ಟೆಕ್ಸ್ ಅಂತೀವಿ, ಅದು ಕಾಯಿಲೆ ಇರೋರಲ್ಲಿ ಹಣೆ ಹಿಂದೆ, ಕಿವಿ ಪಕ್ಕದಲ್ಲಿ ಸ್ವಲ್ಪ ತೆಳ್ಳಗಿತ್ತು. ಸ್ವಲ್ಪ ಅಂದ್ರೆ ಮಿಲಿಮೀಟರಿನ ಎಲ್ಲೋ ಒಂದು ಸಣ್ಣ ಪಾಲು. ಅದೂ ಸರಾಸರಿಯಲ್ಲಿ. ಗಂಡಸರು ಹೆಂಗಸರಿಗಿಂತ ಸರಾಸರಿ ಎತ್ತರ, ಹೌದಾ? ಈಗ ನಾನು ಒಬ್ಬರ ಎತ್ತರ ಐದಡಿ ನಾಲ್ಕಿಂಚು ಅಂತ ಮಾತ್ರ ಹೇಳಿದ್ರೆ ಅದು ಗಂಡೋ ಹೆಣ್ಣೋ ನೀವು ಹೇಳ್ತೀರಾ? ಆಗಲ್ಲ. ನಿಮ್ಮ ಮಗನ ಒಂದು ಸ್ಕ್ಯಾನ್ ನೋಡಿ ನಂಗೂ ಆಗಲ್ಲ.

ಆದ್ರೆ ಅದೇ ಸಂಶೋಧನೇಲಿ ನನಗೆ ಬಹಳ ಖುಷಿ ಕೊಟ್ಟ ವಿಷಯ ಇನ್ನೊಂದಿದೆ. ಲಿಥಿಯಂ ತಗೋತಿದ್ದವರಲ್ಲಿ ಆ ಪದರ ತಗೋದೇ ಇದ್ದವರಿಗಿಂತ ದಪ್ಪಗಿತ್ತು. ಮಾತ್ರೆಯಿಂದ ಮೆದುಳು ಸವೆದು ಹೋಗುತ್ತೆ ಅಂತ ಪಕ್ಕದ ಮನೆಯವರು ಹೇಳ್ತಾರಲ್ಲ, ಅವರಿಗೆ ಇದನ್ನ ಹೇಳಿ.

ಈ ಲಿಥಿಯಂ ಕಥೆ ಹೇಳ್ದೆ ಇರೋಕಾಗಲ್ಲ ನಂಗೆ. ಜಾನ್ ಕೇಡ್ ಅಂತ ಆಸ್ಟ್ರೇಲಿಯಾದ ಡಾಕ್ಟ್ರು. ಎರಡನೇ ಮಹಾಯುದ್ಧದಲ್ಲಿ ಸಿಂಗಾಪುರ ಜಪಾನಿನವರ ಕೈಗೆ ಹೋದಾಗ ಸೆರೆ ಸಿಕ್ಕಿ ಮೂರು ವರ್ಷಕ್ಕೂ ಹೆಚ್ಚು ಕಾಲ ಚಾಂಗಿ ಶಿಬಿರದಲ್ಲಿ ಕೊಳೆತವರು. ವಾಪಸ್ ಬಂದು ಮೆಲ್ಬರ್ನ್ ಹತ್ರ ಬುಂಡೂರಾ ಅನ್ನೋ ಕಡೆ ಮಾನಸಿಕ ಆಸ್ಪತ್ರೆಗೆ ಸೇರಿದ್ರು. ಲ್ಯಾಬ್ ಅಂತ ಏನಿತ್ತು ಗೊತ್ತಾ, ಯಾರೂ ಬಳಸದ ಒಂದು ಹಳೇ ಅಡುಗೆಮನೆ! ಮೇನಿಯಾ ಇರೋರ ಮೈಯಲ್ಲಿ ಏನೋ ವಿಷ ಇರ್ಬೇಕು, ಅದು ಮೂತ್ರದಲ್ಲಿ ಹೊರಗೆ ಬರುತ್ತೆ ಅಂತ ಅವರ ಲೆಕ್ಕಾಚಾರ. ರೋಗಿಗಳ ಮೂತ್ರ ಜಾಡಿಯಲ್ಲಿ ತುಂಬಿ ಮನೆ ಫ್ರಿಜ್ಜಲ್ಲಿ ಇಡ್ತಿದ್ರಂತೆ, ಹೆಂಡತಿ ಪಾಪ ಹೇಗೆ ಸಹಿಸ್ಕೊಂಡ್ರೋ. ಅದನ್ನ ಗಿನಿ ಹಂದಿ ಅನ್ನೋ ಮೊಲದಂಥ ಪುಟ್ಟ ಪ್ರಾಣಿಗಳಿಗೆ ಚುಚ್ಚಿ ನೋಡ್ತಿದ್ರು. ಮೂತ್ರದಲ್ಲಿರೋ ಯೂರಿಕ್ ಆಸಿಡ್ಡನ್ನೂ ಚುಚ್ಚಿ ನೋಡೋಣ ಅಂದ್ರೆ ಅದು ನೀರಲ್ಲಿ ಕರಗಲ್ಲ, ಕರಗಲಿ ಅಂತ ಅದರ ಲಿಥಿಯಂ ಉಪ್ಪು ಬಳಸಿದ್ರು. ಆಮೇಲೆ ಬರೀ ಲಿಥಿಯಂ ಕೊಟ್ಟು ನೋಡಿದ್ರೆ, ಮುಟ್ಟಿದ್ರೆ ಹಾರೋ ಆ ಪ್ರಾಣಿಗಳು ಅಂಗಾತ ಮಲಗಿಸಿದ್ರೂ ಸುಮ್ನೆ ಇವರನ್ನೇ ನೋಡ್ತಾ ಮಲಗಿದ್ವು. ಅವರ ಲೆಕ್ಕ ತಪ್ಪಿತ್ತು, ವಿಷ ಗಿಷ ಏನೂ ಇರ್ಲಿಲ್ಲ, ಆದ್ರೆ ಸಿಕ್ಕಿದ್ದು ಬಂಗಾರ.

ಮೊದ್ಲು ತಾವೇ ನುಂಗಿ ನೋಡಿದ್ರು, ಆಮೇಲೆ 1948ರ ಮಾರ್ಚಲ್ಲಿ ಒಬ್ಬ ರೋಗಿಗೆ ಕೊಟ್ರು. 51 ವರ್ಷದ ಮನುಷ್ಯ, ಐದು ವರ್ಷದಿಂದ ಮೇನಿಯಾ ಇಳಿದೇ ಇಲ್ಲ, ಇಡೀ ವಾರ್ಡಿಗೆ ತಲೆನೋವಾಗಿದ್ದ. ಕೆಲವೇ ವಾರದಲ್ಲಿ ಶಾಂತ ಆದ, ಜುಲೈನಲ್ಲಿ ಮನೆಗೆ ಹೋದ, ಹಳೇ ಕೆಲಸಕ್ಕೂ ಸೇರ್ಕೊಂಡ. 1949ರಲ್ಲಿ ಕೇಡ್ ಹತ್ತು ಜನ ಮೇನಿಯಾ ರೋಗಿಗಳ ಬಗ್ಗೆ ಬರೆದ್ರು, ಅಲ್ಲಿಂದಲೇ ಇವತ್ತಿನ ಚಿಕಿತ್ಸೆ ಶುರು. ಜನ ಕಥೇನ ಇಲ್ಲಿಗೇ ನಿಲ್ಲಿಸ್ತಾರೆ. ನಾನು ನಿಲ್ಸಲ್ಲ. ಆ ಮನುಷ್ಯ ಚೆನ್ನಾಗಾದೆ ಅಂತ ಮಾತ್ರೆ ಬಿಟ್ಟ. ನಮ್ಮವರೂ ಅದನ್ನೇ ಮಾಡೋದು, ಹಬ್ಬ ಮುಗೀತು ಇನ್ನೇಕೆ ಮಾತ್ರೆ ಅಂತ! ಮತ್ತೆ ಮೇನಿಯಾ, ಮತ್ತೆ ಅದೇ ವಾರ್ಡು. ಮತ್ತೆ ಲಿಥಿಯಂ ಕೊಟ್ರು, 1950ರಲ್ಲಿ ಅದು ಮೈಯಲ್ಲಿ ಜಾಸ್ತಿಯಾಗಿ ತೀರಿಕೊಂಡ. ರಕ್ತದಲ್ಲಿ ಎಷ್ಟಿದೆ ಅಂತ ಅಳೆಯೋ ರೂಢಿ ಆಗ ಇರ್ಲಿಲ್ಲ ಕಣ್ರೀ! ಕೇಡ್ ಹೆದರಿ ತಮ್ಮ ಆಸ್ಪತ್ರೇಲಿ ಲಿಥಿಯಂ ಕೊಡೋದನ್ನೇ ನಿಲ್ಲಿಸಿಬಿಟ್ರು. ಅದೇ ಮೆಲ್ಬರ್ನಿನಲ್ಲಿ ಟ್ರೌಟ್ನರ್ ಅನ್ನೋರು ರಕ್ತದಲ್ಲಿ ಅಳೆದು ಕೊಡೋ ದಾರಿ ತೋರಿಸಿದ್ರು, ಡೆನ್ಮಾರ್ಕಿನ ಮೊಗೆನ್ಸ್ ಸ್ಕೌ ಅನ್ನೋ ಡಾಕ್ಟ್ರು 1954ರಲ್ಲಿ ಸರಿಯಾದ ಟ್ರಯಲ್ ಮಾಡಿದ್ರು, ಅದಕ್ಕೇ ಆ ಮಾತ್ರೆ ಉಳೀತು. ರಕ್ತ ಪರೀಕ್ಷೆ, ರಕ್ತ ಪರೀಕ್ಷೆ ಅಂತ ನಾನು ಬಾಯಿ ಬಡ್ಕೊಳೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಸ್ಟುಡಿಯೋ ಗಾಜಿನ ಆ ಕಡೆಯಿಂದ ಕೈ ತೋರಿಸ್ತಿದಾರೆ, ಟೈಮ್ ಆಗ್ತಾ ಬಂತು. ಉಳಿದಿದ್ದನ್ನ ಓಡಿಸ್ತೀನಿ. 2000ದಲ್ಲಿ ಅಮೆರಿಕದವರು ಹತ್ತು ರೋಗಿಗಳಿಗೆ ನಾಲ್ಕು ವಾರ ಲಿಥಿಯಂ ಕೊಟ್ಟು ಸ್ಕ್ಯಾನ್ ಮಾಡಿದ್ರೆ ಎಂಟು ಜನರಲ್ಲಿ ಗ್ರೇ ಮ್ಯಾಟರ್, ಅಂದ್ರೆ ಮೆದುಳಿನ ಬೂದು ಭಾಗ, ಜಾಸ್ತಿ ಕಂಡಿತ್ತು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನವರು ಎಂಆರ್‌ಐ ಮೆಷಿನ್ನನ್ನೇ ಬೇರೆ ಥರ ಟ್ಯೂನ್ ಮಾಡಿ, ನುಂಗಿದ ಲಿಥಿಯಂ ಮೆದುಳಲ್ಲಿ ಎಲ್ಲೆಲ್ಲಿ ಹೋಗಿ ಕೂತಿದೆ ಅಂತ ಫೋಟೋ ತೆಗೆದಿದಾರೆ, ಎಲ್ಲಾ ಕಡೆ ಒಂದೇ ಸಮ ಇಲ್ಲ. ನಮ್ಮ ನಿಮ್ಹಾನ್ಸ್‌ನಲ್ಲೂ ಒಂದೇ ಮನೆಯ ಹಲವರಿಗೆ ಇಂಥ ಕಾಯಿಲೆ ಇರೋ ಕುಟುಂಬಗಳನ್ನ ಇಟ್ಕೊಂಡು ಸ್ಕ್ಯಾನು, ಜೀನು ಎಲ್ಲಾ ಜೋಡಿಸಿ ನೋಡ್ತಿದಾರೆ. ಸಂಶೋಧನೆಗೆ ಕರೆದ್ರೆ ಹೋಗಿ, ಸಂತೋಷ. ರೋಗ ಗೊತ್ತಾಗ್ಲಿ ಅಂತ ನೀವೇ ಸ್ಕ್ಯಾನ್ ಸೆಂಟರ್‌ಗೆ ಓಡ್ಬೇಡಿ.

ಈಗ ಬರ್ಕೊಳಿ. ರಕ್ತದಲ್ಲಿ ಲಿಥಿಯಂ ಲೆವೆಲ್ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರ್ಬೇಕು, 1.5 ದಾಟಿದ್ರೆ ಅಪಾಯ. ಶುರುವಲ್ಲಿ ಬೇಗ ಬೇಗ, ಆಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ ಲೆವೆಲ್ ನೋಡ್ಬೇಕು, ಜೊತೆಗೆ ಕಿಡ್ನಿ, ಥೈರಾಯ್ಡು ಆರು ತಿಂಗಳಿಗೊಮ್ಮೆ. ವಾಂತಿ ಭೇದಿ ಆದ್ರೆ, ಕೈ ಜೋರಾಗಿ ನಡುಗಿದ್ರೆ, ತೂರಾಡಿದ್ರೆ, ಅವತ್ತೇ ಆಸ್ಪತ್ರೆಗೆ. ಮಂಡಿ ನೋವು ಅಂತ ಮೆಡಿಕಲ್ ಶಾಪಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೇಳಿ ನುಂಗ್ಬೇಡಿ, ಲೆವೆಲ್ ಏರುತ್ತೆ. ಉಪ್ಪು ನೀವಾಗೇ ಬಿಡ್ಬೇಡಿ. ಬಸುರಿ ಆಗ್ಬೇಕು ಅಂತಿದ್ರೆ ಮೊದ್ಲೇ ಡಾಕ್ಟ್ರ ಹತ್ರ ಮಾತಾಡಿ. ಆತ್ಮಹತ್ಯೆ ತಡೆಯೋದ್ರಲ್ಲಿ ಇದಕ್ಕೆ ಸಾಟಿಯಾದ ಮಾತ್ರೆ ನಮ್ಮ ಹತ್ರ ಕಮ್ಮಿ, ಅದಕ್ಕೇ ಇಷ್ಟು ಹಠ. ಯಾರಿಗಾದ್ರೂ ಈಗಲೇ ಮಾತಾಡ್ಬೇಕು ಅನ್ಸಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಕಡೇದೊಂದು, ಇದನ್ನ ಹತ್ತರಲ್ಲಿ ಎಂಟು ಜನ ತಪ್ಪು ಮಾಡ್ತಾರೆ ಅಂತ ಅನ್ಸುತ್ತೆ ನಂಗೆ. ರಾತ್ರಿ ಮಾತ್ರೆ ತಗೊಂಡು ಹನ್ನೆರಡು ತಾಸು ಕಳೆದ ಮೇಲೆ ರಕ್ತ ಕೊಡ್ಬೇಕು. ಬೆಳಿಗ್ಗೆ ಮಾತ್ರೆ ಜೇಬಲ್ಲಿ ಇಟ್ಕೊಂಡು ಲ್ಯಾಬಿಗೆ ಹೋಗಿ, ರಕ್ತ ಕೊಟ್ಟು, ಆಮೇಲೆ ನುಂಗಿ. ನಮಸ್ಕಾರ.