ನಲವತ್ತಕ್ಕೇ ನಿಂತ ಎಣಿಕೆ

ಕೇಳುಗರಿಗೆ ನಮಸ್ಕಾರ. ಏಳನೇ ಕ್ಲಾಸಿನ ಮಕ್ಕಳನ್ನು ಈ ಸಲ ಎಲ್ಲಿಗೆ ಕರೆದುಕೊಂಡು ಹೋಗೋಣ ಅಂತ ಸ್ಟಾಫ್ ರೂಮಿನಲ್ಲಿ ಮಾತು ಬಂದಾಗ ನಾನು, "ಜೈಲಿಗೆ" ಅಂದೆ. ಎಲ್ಲರೂ ನಕ್ಕರು. ನಾನು ಹೇಳಿದ್ದು ಬೆಂಗಳೂರಿನ ಹಳೇ ಸೆಂಟ್ರಲ್ ಜೈಲು, ಅಂದರೆ ಈಗಿನ ಫ್ರೀಡಂ ಪಾರ್ಕ್. ಪ್ರತಿಭಟನೆ ಇದ್ದ ದಿನ ಟ್ರಾಫಿಕ್ ಜಾಮ್ ಆಗುತ್ತದಲ್ಲ, ಅದೇ ಜಾಗ.

1867ರಲ್ಲಿ ಕಟ್ಟಿದ್ದು. ಕೈದಿಗಳೆಲ್ಲ ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ, 2008ರಲ್ಲಿ ಪಾರ್ಕ್ ಆಯಿತು. ನಡುವೆ ಒಂದು ಕಾವಲು ಗೋಪುರ, ಅದರ ಸುತ್ತ ಚಕ್ರದ ಕಡ್ಡಿಗಳ ಹಾಗೆ ಬ್ಯಾರಕ್‌ಗಳು. ಮೇಲೆ ಒಬ್ಬ ನಿಂತರೆ ಸಾಕು, ಸುತ್ತಲೂ ಕಣ್ಣಿಡಬಹುದು. "ನಮ್ಮ ಹೆಡ್‌ಮಾಸ್ಟರ್ ರೂಮಿನ ಹಾಗೆ" ಅಂದ ಒಬ್ಬ. ನಾನು ಕೇಳಿಸದ ಹಾಗೆ ಇದ್ದುಬಿಟ್ಟೆ.

ಒಂದು ಕೋಣೆ ಕಂಡಿದ್ದೇ ತಡ, ಹುಡುಗರು ಪಂದ್ಯ ಕಟ್ಟಿದರು. ಒಬ್ಬರೇ ಒಳಗೆ ಹೋಗಿ, ಗೋಡೆ ಕಡೆ ಮುಖ ಮಾಡಿ, ನೂರು ಎಣಿಸಬೇಕು. ನಮ್ಮ ಕ್ಲಾಸಿನ ಗಟ್ಟಿಗಿತ್ತಿ ಒಬ್ಬಳು ನಲವತ್ತಕ್ಕೇ ಹೊರಗೆ ಬಂದಳು. "ಸೆಕೆ ಮಿಸ್" ಅಂದಳು, ಅಷ್ಟೇ.

ಆಮೇಲೆ ಮರದ ಕೆಳಗೆ ಕೂತು ಚಿತ್ರಾನ್ನ ತಿನ್ನುತ್ತಾ ತುರ್ತು ಪರಿಸ್ಥಿತಿಯ ಕತೆ ಹೇಳಿದೆ. 1975ರ ಜೂನ್‌ನಲ್ಲಿ ಸಂಸತ್ತಿನ ಸಮಿತಿ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಅವರನ್ನು ಹಿಡಿದು ಇಲ್ಲಿಗೇ ತಂದರು. ದೊಡ್ಡ ಹೆಸರುಗಳು, ಪರೀಕ್ಷೆಗೆ ಬರುತ್ತೆ ಅಂತ ಒಂದಿಬ್ಬರು ಬರೆದುಕೊಂಡರು. ಮಕ್ಕಳು ತುತ್ತು ನಿಲ್ಲಿಸಿ ಕೇಳಿದ್ದು ಮಾತ್ರ ನಟಿ ಸ್ನೇಹಲತಾ ರೆಡ್ಡಿ ಅವರ ಕತೆ. ಆಕೆಗೆ ಆಸ್ತಮಾ ಇತ್ತು. ವಿಚಾರಣೆಯೇ ಇಲ್ಲದೆ ಸುಮಾರು ಎಂಟು ತಿಂಗಳು ಇದೇ ಜೈಲಿನಲ್ಲಿ ಇಟ್ಟರು. ಆರೋಗ್ಯ ಪೂರ್ತಿ ಕೆಟ್ಟ ಮೇಲೆ ಪೆರೋಲ್ ಮೇಲೆ ಬಿಟ್ಟರು, ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು.

ನಮ್ಮ ಕ್ಲಾಸಿನಲ್ಲೂ ಉಬ್ಬಸದ ಹುಡುಗ ಒಬ್ಬ ಇದ್ದಾನೆ, ಅವನ ಇನ್‌ಹೇಲರ್ ಪ್ರವಾಸದ ದಿನ ನನ್ನ ಬ್ಯಾಗಿನಲ್ಲೇ ಇರುತ್ತೆ. ಅವನು ಕೇಳಿದ, "ಮಿಸ್, ಅವರ ಪಂಪ್ ಯಾರ ಹತ್ರ ಇತ್ತು?"

ನಾನೇನು ಹೇಳಲಿ? ಊಟ ಮುಗಿಸೋ ಅಂದೆ.

ವಾಪಸ್ ಹೊರಡುವಾಗ ಗೇಟಿನ ಹತ್ತಿರ ಯಾರದೋ ಧರಣಿ, ಮೈಕು, ಘೋಷಣೆ. ಡ್ರೈವರ್ ಅಣ್ಣ ಬೈದುಕೊಳ್ಳುತ್ತಾ ಬಸ್ ತಿರುಗಿಸಿದ. ಆ ಉಬ್ಬಸದ ಹುಡುಗ ಬಸ್ ಹತ್ತುವ ಮೊದಲು ನನ್ನ ಬ್ಯಾಗ್ ತೆಗೆಸಿ, ಪಂಪ್ ತಗೊಂಡು, ತನ್ನ ಜೇಬಿಗೆ ಹಾಕಿಕೊಂಡ.