ಬೆಳಕು ಹಿಡಿಯುವ ಗಂಟು

ಕೇಳುಗರಿಗೆಲ್ಲ ನಮಸ್ಕಾರ.

ಚಿತ್ತಾಪುರದ ಕಡೆ ನಮ್ಮ ಕಾಕಾ ಅವರ ತೊಗರಿ ಹೊಲವಿದೆ. ಒಂದು ವರ್ಷ ಮಳೆ ಕೈಕೊಟ್ಟು ಅರ್ಧ ಹೊಲದ ಬಿತ್ತನೆ ಜೂನಿನಲ್ಲಿ ಆಯಿತು, ಉಳಿದರ್ಧ ಆಗಸ್ಟಿಗೆ ಹೋಯಿತು. ದೀಪಾವಳಿ ಹೊತ್ತಿಗೆ ಹೋಗಿ ನೋಡಿದರೆ ಮುಂಚೆ ಬಿತ್ತಿದ್ದು ಆಳೆತ್ತರ, ತಡವಾಗಿ ಬಿತ್ತಿದ್ದು ಮೊಣಕಾಲಿಗಿಂತ ತುಸು ಮೇಲೆ. ಆದರೆ ತಡವಾದ ಗಿಡವೂ ಬೆಳೆಯುವುದನ್ನು ಬಿಟ್ಟು ಆಗಲೇ ಹಳದಿ ಹೂವಿಗೆ ನಿಂತಿತ್ತು. "ವಯಸ್ಸ ನೋಡಲ್ಲೋ ತಮ್ಮಾ, ರಾತ್ರಿ ದೊಡ್ಡದಾಗ್ಲಾಕ ಹತ್ತಿತಂದ್ರ ತೊಗರಿ ಹೂವಾಗ್ತದ" ಅಂದರು ಕಾಕಾ.

ಗಿಡಕ್ಕೆ ಕಣ್ಣಿಲ್ಲ. ರಾತ್ರಿ ಬೆಳೆದದ್ದು ಅದಕ್ಕೆ ತಿಳಿಯುವುದು ಹೇಗೆ? ಇದರ ಮೊದಲ ಸುಳಿವು ಸಿಕ್ಕಿದ್ದು ಅಮೆರಿಕದ ಬೆಲ್ಟ್ಸ್‌ವಿಲ್‌ನ ಕೃಷಿ ಸಂಶೋಧನಾ ಕೇಂದ್ರದಲ್ಲಿ. 1952ರಲ್ಲಿ ಅಲ್ಲಿನವರು ಲೆಟ್ಯೂಸ್ ಸೊಪ್ಪಿನ ಬೀಜಕ್ಕೆ ಕೆಂಪು ಬೆಳಕು ಬಿಟ್ಟರು, ಮೊಳಕೆ ಬಂತು. ಕೆಂಪಿನ ಬೆನ್ನಿಗೇ ಕಡುಗೆಂಪು, ಅಂದರೆ ನಮ್ಮ ಕಣ್ಣಿಗೆ ಕಂಡೂ ಕಾಣದಂತಿರುವ ಬೆಳಕು ಬಿಟ್ಟರೆ ಮೊಳಕೆ ಬರಲಿಲ್ಲ. ಹೀಗೆ ಎಷ್ಟು ಸಲ ಅದಲುಬದಲು ಮಾಡಿದರೂ ಬೀಜ ಕೇಳಿದ್ದು ಕೊನೆಯ ಬೆಳಕಿನ ಮಾತನ್ನೇ. ಗಿಡದೊಳಗೆ ಎರಡು ರೂಪಗಳ ನಡುವೆ ಹೊರಳುವ ಒಂದು ಬಣ್ಣದ ವಸ್ತು ಇರಬೇಕೆಂದು ಅವರು ತರ್ಕಿಸಿದರು. 1959ರಲ್ಲಿ ಅದನ್ನು ಗಿಡದಲ್ಲಿ ಗುರುತಿಸಿಯೂ ಬಿಟ್ಟರು. ಅದೇ ಫೈಟೋಕ್ರೋಮ್ ಎಂಬ ಪ್ರೋಟೀನ್. ಹಗಲು ಯಾವಾಗ ಮುಗಿಯಿತೆಂದು ಗಿಡದ ಒಳಗಡಿಯಾರಕ್ಕೆ ತಿಳಿಸುವ ಕೆಲಸದಲ್ಲಿ ಇದರ ಪಾಲಿದೆ.

ಆದರೆ ಅದು ಒಳಗೆ ಹೇಗಿದೆ? ಪ್ರೋಟೀನಿನ ಒಂದೊಂದು ಪರಮಾಣು ಎಲ್ಲಿ ಕೂತಿದೆ ಎಂದು ಎಕ್ಸ್-ರೇಯಿಂದ ನೋಡಬೇಕಾದರೆ ಮೊದಲು ಅದನ್ನು ಕಲ್ಲುಸಕ್ಕರೆಯಂತೆ ಹರಳುಗಟ್ಟಿಸಬೇಕು. ಗಿಡದ ಫೈಟೋಕ್ರೋಮ್ ದಶಕಗಳ ಕಾಲ ಈ ಪ್ರಯತ್ನಕ್ಕೆ ಒಗ್ಗಲಿಲ್ಲ.

ದಾರಿ ತೋರಿಸಿದ್ದು ಒಂದು ಬ್ಯಾಕ್ಟೀರಿಯಾ, ಹೆಸರು ಡೈನೋಕಾಕಸ್ ರೇಡಿಯೋಡುರಾನ್ಸ್. 1956ರಲ್ಲಿ ಅಮೆರಿಕದ ಕಾರ್ವಾಲಿಸ್‌ನಲ್ಲಿ ಡಬ್ಬಿಯ ಮಾಂಸಕ್ಕೆ ವಿಕಿರಣ ಹಾಯಿಸಿ ಕ್ರಿಮಿ ಸಾಯಿಸಲು ನೋಡಿದಾಗ ಸಾಯದೆ ಉಳಿದದ್ದು ಇದು. ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಜೀವಿ ಇದಲ್ಲ. ಆದರೂ ಇದರಲ್ಲಿ ಫೈಟೋಕ್ರೋಮಿನ ಬಂಧು ಇದೆ ಎಂದು 1999ರಲ್ಲಿ ರಿಚರ್ಡ್ ವಿಯೆರ್‌ಸ್ಟ್ರಾ ಅವರ ತಂಡ ತೋರಿಸಿತು. ಮುಂದೆ ಅವರು, ಕತ್ರೀನಾ ಫಾರೆಸ್ಟ್ ಮತ್ತು ಜೊತೆಗಾರರು ಆ ಪ್ರೋಟೀನಿನಲ್ಲಿ ಬಣ್ಣ ಹಿಡಿದಿಟ್ಟುಕೊಳ್ಳುವ 321 ಅಮೈನೊ ಆಮ್ಲಗಳ, ಅಂದರೆ ಪ್ರೋಟೀನಿನ ಸರಪಳಿಯ 321 ಕೊಂಡಿಗಳ ತುಂಡನ್ನಷ್ಟೇ ತೆಗೆದುಕೊಂಡು ಹರಳುಗಟ್ಟಿಸಿದರು. 2005ರಲ್ಲಿ ಚಿತ್ರ ಹೊರಬಂತು. ಅದರ ಸೂಕ್ಷ್ಮತೆ 2.5 ಆಂಗ್‌ಸ್ಟ್ರಾಮ್. ಒಂದು ಮಿಲಿಮೀಟರನ್ನು ಕೋಟಿ ಪಾಲು ಮಾಡಿದರೆ ಒಂದು ಪಾಲೇ ಒಂದು ಆಂಗ್‌ಸ್ಟ್ರಾಮ್. ಇಂಥ ಯಾವ ರಚನೆ ಸಿದ್ಧವಾದರೂ ಸರಪಳಿಯ ತಿರುವುಗಳು ಸರಿಯಿವೆಯೇ ಎಂದು ಜಗತ್ತೆಲ್ಲ ಪರೀಕ್ಷಿಸುವುದು ಮದ್ರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಕೊಟ್ಟ ನಕ್ಷೆಯಿಂದ. ಇದನ್ನು ಹೇಳುವಾಗ ನನ್ನ ಎದೆ ತುಂಬಿ ಬರುತ್ತದೆ.

ಆ ಚಿತ್ರದಲ್ಲಿ ಕಂಡದ್ದೇನು? ಪ್ರೋಟೀನಿನ ಒಂದು ಪೊಟರೆಯೊಳಗೆ ಬಿಲಿವರ್ಡಿನ್ ಎಂಬ ಹಸಿರು ಬಣ್ಣದ ಅಣು. ಇದು ನಿಮಗೆಲ್ಲ ಪರಿಚಯದ್ದೇ. ಪೆಟ್ಟು ಬಿದ್ದು ನೆತ್ತರು ಹೆಪ್ಪುಗಟ್ಟಿದ ಜಾಗ ಕೆಲವು ದಿನಕ್ಕೆ ಹಸಿರಾಗುತ್ತದಲ್ಲ, ಆ ಹಸಿರು ಇದೇ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಒಡೆದಾಗ ಹುಟ್ಟುವ ವಸ್ತುವನ್ನು ಬ್ಯಾಕ್ಟೀರಿಯಾ ಬೆಳಕು ಹಿಡಿಯಲು ಬಳಸುತ್ತದೆ. ಅದರಲ್ಲಿ ಸಾಲಾಗಿ ನಾಲ್ಕು ಉಂಗುರಗಳಿವೆ. ಒಂದು ತುದಿಯ ಉಂಗುರ ಪ್ರೋಟೀನಿನ 24ನೇ ಅಮೈನೊ ಆಮ್ಲದ ಗಂಧಕಕ್ಕೆ ಬಿಗಿಯಾಗಿ ಅಂಟಿಕೊಂಡಿದೆ.

ಅದಕ್ಕಿಂತ ದೊಡ್ಡ ಅಚ್ಚರಿ, ಪ್ರೋಟೀನೇ ಗಂಟು ಹಾಕಿಕೊಂಡಿತ್ತು! ಸರಪಳಿಯ ಒಂದು ಭಾಗ ಕುಣಿಕೆಯಾಗಿ ನಿಂತಿದೆ, ಸರಪಳಿ ಶುರುವಾಗುವ ಕಡೆಯ ತುದಿ ಆ ಕುಣಿಕೆಯೊಳಗೆ ತೂರಿ ಆಚೆ ಬಂದಿದೆ. ಹಗ್ಗಕ್ಕಾದರೆ ಗಂಟು ಹಾಕಲು ಕೈ ಬೇಕು. ಪ್ರೋಟೀನು ತಾನೇ ಮಡಚಿಕೊಳ್ಳುವಂಥದ್ದು, ಅದರಲ್ಲಿ ಗಂಟು ಬೀಳುವುದು ಬಲು ಅಪರೂಪ. ಇದು ಯಾಕಿರಬಹುದು? ಎರಡು ಭಾಗಗಳನ್ನು ಅಲುಗದಂತೆ ಹಿಡಿದಿಟ್ಟರೆ ಬೆಳಕಿನ ಶಕ್ತಿ ಸುಮ್ಮನೆ ಅಲುಗಾಟದಲ್ಲಿ ಪೋಲಾಗುವುದಿಲ್ಲ ಎಂಬುದು ವಿಜ್ಞಾನಿಗಳ ಊಹೆ. ಕಾಕಾ ಅವರಿಗೆ ಇದನ್ನು ಹೇಳಿದಾಗ ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ನೊಗಕ್ಕ ಕಟ್ಟಿದ ಹಗ್ಗ ಸಡ್ಲಿದ್ರ ಎತ್ತು ಜಗ್ಗಿದ್ದೆಲ್ಲಾ ಹಗ್ಗಕ್ಕೇ ಹೋಗ್ತದ, ನೇಗಲಕ್ಕ ಮುಟ್ಟಲ್ಲ."

ಇನ್ನು ಬೆಳಕು ಬಿದ್ದಾಗ ನಡೆಯುವುದು. ಕೆಂಪು ಬೆಳಕು ತಾಗಿದೊಡನೆ ಇನ್ನೊಂದು ತುದಿಯ ನಾಲ್ಕನೇ ಉಂಗುರ ಮಗ್ಗಲು ಬದಲಿಸುತ್ತದೆ, ಅಷ್ಟೇ. ಆ ಪುಟ್ಟ ಹೊರಳಾಟ ಇಡೀ ಪ್ರೋಟೀನಿಗೆ ಹೇಗೆ ದಾಟುತ್ತದೆ ಎಂಬುದನ್ನು 2014ರಲ್ಲಿ ಸ್ವೀಡನ್ ಮತ್ತು ಫಿನ್‌ಲೆಂಡಿನ ವಿಜ್ಞಾನಿಗಳು ಇದೇ ಬ್ಯಾಕ್ಟೀರಿಯಾದ ಪ್ರೋಟೀನಿನಲ್ಲಿ ಕಂಡರು. ಪಕ್ಕದ ಭಾಗದಿಂದ ಬಣ್ಣದ ಅಣುವಿನತ್ತ ಚಾಚಿಕೊಂಡಿರುವ ನಾಲಗೆಯಂಥ ಎಳೆಯೊಂದಿದೆ. ಕತ್ತಲಲ್ಲಿ ಅದು ಚಪ್ಪಟೆ ಪಟ್ಟಿ, ಬೆಳಕಿನಲ್ಲಿ ಸುರುಳಿ. ಸುರುಳಿಯಾದಾಗ ಎಳೆ ಗಿಡ್ಡವಾಗುತ್ತದೆ, ಆ ಜಗ್ಗಾಟಕ್ಕೆ ಜೋಡಿಯಾಗಿರುವ ಎರಡು ಪ್ರೋಟೀನುಗಳು ಒಂದು ಕಡೆ ಅಗಲವಾಗಿ ಬಾಯಿ ತೆರೆಯುತ್ತವೆ.

ಅದೇ ವರ್ಷ ಗಿಡದ ಫೈಟೋಕ್ರೋಮಿನ ಬೆಳಕು ಹಿಡಿಯುವ ಭಾಗವೂ ಕೊನೆಗೆ ಹರಳಾಯಿತು. ಅದು ಸಾಸಿವೆಯ ಬಳಗದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದ್ದು. ಹಿಡಿದ ಬಣ್ಣ ಸ್ವಲ್ಪ ಬೇರೆ, ಬಣ್ಣ ಅಂಟಿದ ಜಾಗವೂ ಬೇರೆ. ಗಂಟು ಮಾತ್ರ ಅಲ್ಲೂ ಇತ್ತು.

ಆ ಗಂಟಿನ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿಟ್ಟುಕೊಂಡಿದ್ದೇನೆ. ಈ ಸಲ ಎಳ್ಳಮಾಸಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ ಭಜ್ಜಿ ಉಂಡಾದ ಮೇಲೆ, ಕಾಯಿ ತುಂಬಿದ ತೊಗರಿಯ ಸಾಲಿನಲ್ಲಿ ಕೂತು ಕಾಕಾ ಅವರಿಗೆ ಅದನ್ನು ತೋರಿಸಬೇಕು.

ನಮಸ್ಕಾರ.